ಎಡಗೈಯಲ್ಲಿ ಬರೆದ ಚೀಟಿ

ಪ್ರತಿ ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆಯ ಡಬ್ಬಿ ತೆರೆದು ಅದರೊಳಗಿನ ಚೀಟಿಗಳನ್ನು ಓದುವ ಕೆಲಸ ಹನ್ನೊಂದು ವರ್ಷದಿಂದ ನನ್ನದೇ. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರ ಮಗಳಿಗೆ ಪರೀಕ್ಷೆ, ಮತ್ತೊಬ್ಬರ ಗಂಡ ಮಾತು ಬಿಟ್ಟಿದ್ದಾನೆ. ನಾನು ಓದುತ್ತೇನೆ, ಸಭೆಯೆಲ್ಲ ತಲೆಬಾಗಿ ಪ್ರಾರ್ಥಿಸುತ್ತದೆ. ಆ ಡಬ್ಬಿಗೆ ನಾನು ಮಾತ್ರ ಒಂದು ದಿನವೂ ಚೀಟಿ ಹಾಕಿದವಳಲ್ಲ. ಬಡಿಸುವವಳು ಎಲ್ಲರ ಜೊತೆ ಊಟಕ್ಕೆ ಕೂರುತ್ತಾಳೆಯೇ ಎಂಬ ಜಂಬ.

ಉಳಿದ ಆರು ದಿನ ನಾನು ಬಟ್ಟೆ ಹೊಲಿಯುತ್ತೇನೆ. ಅಳತೆ ಕೊಡಲು ಬಂದವರು ಅಂಗಡಿಯಲ್ಲೇ ಕಷ್ಟವನ್ನೂ ಹೇಳಿಕೊಳ್ಳುತ್ತಾರೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ "ಪ್ರಾರ್ಥನೆ ಮಾಡ್ತೀನಿ ಬಿಡಿ" ಎನ್ನುತ್ತಿದ್ದೆ. ಶುದ್ಧ ಸುಳ್ಳು. ಎಂಟು ತಿಂಗಳಿಂದ ನನಗೆ ಪ್ರಾರ್ಥನೆಯೇ ಬರುತ್ತಿರಲಿಲ್ಲ. ಮೊಣಕಾಲೂರಿದರೆ ನೆನಪಾಗುತ್ತಿದ್ದದ್ದು ಯಾರದೋ ತೋಳಿನ ಉದ್ದ. ಬೈಬಲ್ ತೆರೆದರೆ ಕಣ್ಣು ಸಾಲುಗಳ ಮೇಲೆ ಓಡುತ್ತಿತ್ತು, ಒಳಗೆ ಏನೂ ಇಳಿಯುತ್ತಿರಲಿಲ್ಲ. ದೇವರು ಬೇಡವಾಗಿದ್ದರೆ ಇಷ್ಟು ಸಂಕಟವಿರುತ್ತಿರಲಿಲ್ಲ. ಹಸಿವಿತ್ತು, ತುತ್ತು ಇರಲಿಲ್ಲ. ಯಾರಿಗಾದರೂ ಹೇಳೋಣವೆಂದರೆ ಮರ್ಯಾದೆ ಅಡ್ಡ ಬರುತ್ತಿತ್ತು.

ಶನಿವಾರ ಒಂದು ಉಪಾಯ ಹೊಳೆಯಿತು. ಹೆಸರಿಲ್ಲದ ಚೀಟಿಯೊಂದನ್ನು ಡಬ್ಬಿಗೆ ಹಾಕುವುದು, ಮರುದಿನ ಯಾರದೋ ಎಂಬಂತೆ ನಾನೇ ಓದುವುದು. ಸಭೆ ಆ ಯಾರಿಗೋ ಪ್ರಾರ್ಥಿಸುತ್ತದೆ, ದೇವರಿಗಂತೂ ವಿಳಾಸ ಗೊತ್ತಿದೆ. ಆಮೇಲೆ ಚೀಟಿಗಳನ್ನು ಎತ್ತಿಡುವ ಪಾಸ್ಟರಿಗೆ ಅಕ್ಷರದ ಗುರುತು ಹತ್ತಬಾರದೆಂದು ಎಡಗೈಯಲ್ಲಿ ಬರೆದೆ: "ನನಗೆ ಪ್ರಾರ್ಥನೆ ಬರ್ತಿಲ್ಲ. ದೇವರಿಲ್ಲದೆ ನನ್ನಿಂದ ಆಗಲ್ಲ. ನನಗೆ ದೇವರು ಬೇಕು."

ಬರೆದು ಮುಗಿಸುವಷ್ಟರಲ್ಲಿ ಕಣ್ಣು ತುಂಬಿತು. ಓದುವ ಕನ್ನಡಕ ತೆಗೆದು ಮೆಷಿನ್ ಮೇಲಿಟ್ಟು ಕಣ್ಣೊರೆಸಿಕೊಂಡೆ. ಮನಸ್ಸು ಬದಲಾಗುವ ಮೊದಲೇ ಹೋಗಿ ಚೀಟಿ ಹಾಕಿ ಬಂದೆ.

ಭಾನುವಾರ ಡಬ್ಬಿ ತೆರೆದು ಚೀಲ ತಡಕಾಡಿದಾಗಲೇ ಗೊತ್ತಾದದ್ದು, ಕನ್ನಡಕ ಅಂಗಡಿಯಲ್ಲೇ ಉಳಿದಿದೆಯೆಂದು.

"ಕೊಡಕ್ಕ, ನಾನು ಓದ್ತೀನಿ," ಎಂದು ತಂಗಿ ಎದ್ದು ಬಂದಳು. ಅವಳು ಶಾಲೆಯಲ್ಲಿ ಟೀಚರ್. ಕಾಗದದಲ್ಲಿ ಇರುವುದನ್ನೆಲ್ಲ ಓದದಿದ್ದರೆ ಅವಳಿಗೆ ತಿಂದ ಅನ್ನ ಅರಗುವುದಿಲ್ಲ. ಮೂರನೆಯದು ನನ್ನ ಚೀಟಿ. ಓದಿದಳು. ಕೆಮ್ಮುವವರೂ ಕೆಮ್ಮು ನಿಲ್ಲಿಸಿದರು. ಆಮೇಲೆ ಚೀಟಿ ತಿರುಗಿಸಿ ಹಿಂಬದಿಯನ್ನೂ ಓದಿಬಿಟ್ಟಳು: "ಗಂಟೆ ಮಾಮ. ಕೋಟು. ಎದೆ ನಲವತ್ತು, ಹೊಟ್ಟೆ ನಲವತ್ತಾರು."

ಅಳತೆ ಬರೆದಿಟ್ಟ ಚೀಟಿಯ ಹಿಂದೆಯೇ ಬರೆದಿದ್ದೆ. ನನ್ನ ಜಾಣತನವೆಲ್ಲ ಎಡಗೈಗೇ ಖರ್ಚಾಗಿತ್ತು.

ಎಲ್ಲರೂ ಕೊನೆಯ ಬೆಂಚಿನತ್ತ ತಿರುಗಿದರು. ಗಂಟೆ ಮಾಮ ಎಂದರೆ ಮೂವತ್ತು ವರ್ಷದಿಂದ ಚರ್ಚಿನ ಗಂಟೆ ಬಾರಿಸುತ್ತಿರುವ ಹಿರಿಯರು. ಯಾರೋ ಕಿಸಕ್ಕೆಂದರು. "ಇವರಿಗೇ ಹೀಗಾ?" ಎಂದು ಇನ್ಯಾರೋ ಪಿಸುಗುಟ್ಟಿದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದೆ. ನಿಜ ಹೇಳುತ್ತೇನೆ, ಒಂದು ಗಳಿಗೆ ಹಾಗೇ ಇದ್ದೆ.

ಮಾಮ ನಿಧಾನವಾಗಿ ಎದ್ದು ನಿಂತರು. "ಚೀಟಿ ನಾನು ಬರೆದಿದ್ದಲ್ಲ. ಆದ್ರೆ ಬರೆದವರು ನನ್ನ ಮನಸ್ಸಲ್ಲಿರೋದನ್ನೇ ಬರೆದಿದ್ದಾರೆ. ನನಗೆ ಹೇಳೋಕೆ ನಾಚಿಕೆ ಆಗ್ತಿತ್ತು, ಅಷ್ಟೆ."

ಇನ್ನು ತಡೆಯಲಾಗಲಿಲ್ಲ. "ಅದು ನನ್ನ ಚೀಟಿ," ಎಂದೆ. "ಎಂಟು ತಿಂಗಳಾಯ್ತು. ನಿಮಗೆಲ್ಲ ಪ್ರಾರ್ಥನೆ ಮಾಡ್ತೀನಿ ಅಂತ ಸುಳ್ಳು ಹೇಳ್ತಾ ಬಂದೆ."

ಯಾರೂ ಬೈಯಲಿಲ್ಲ. "ನನಗಾದ್ರೂ ಹೇಳಬಾರದಿತ್ತಾ ಅಕ್ಕ?" ಎಂದು ತಂಗಿ ನನ್ನ ಕೈ ಹಿಡಿದುಕೊಂಡಳು. ಪಾಸ್ಟರ್ ಮಾಮನನ್ನು ಮುಂದೆ ಕರೆದು, "ನೀವೇ ಪ್ರಾರ್ಥನೆ ಮಾಡಿ," ಎಂದರು.

"ಬರಲ್ಲ ಅಂತ ಈಗ ತಾನೆ ಹೇಳಿದ್ನಲ್ಲ," ಎಂದರು ಮಾಮ. ಸಭೆ ನಕ್ಕಿತು. ನಾನೂ ನಕ್ಕೆ.

"ಅದನ್ನೇ ದೇವರಿಗೆ ಹೇಳಿ," ಎಂದರು ಪಾಸ್ಟರ್.

ಮಾಮ ಕಣ್ಣು ಮುಚ್ಚಿದರು. "ದೇವರೇ, ನಮ್ಮಿಬ್ಬರ ಕೈಯೂ ಖಾಲಿ. ನಮಗೆ ನೀನು ಬೇಕು. ಆಮೆನ್."

ನಾನೂ ಆಮೆನ್ ಎಂದೆ. ಎಂಟು ತಿಂಗಳಲ್ಲಿ ನಾನು ಮನಸಾರೆ ಮಾಡಿದ ಪ್ರಾರ್ಥನೆ ಆ ಒಂದೇ ಪದ. ಅಳು ಬಂತು, ಬರಲಿ ಎಂದು ಬಿಟ್ಟೆ. ಎಷ್ಟು ಹಗುರವಾಯಿತೆಂದರೆ, ಇಷ್ಟಕ್ಕಾಗಿ ಇಷ್ಟು ದಿನ ಕಾದೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಹೊರಡುವಾಗ ಬಾಗಿಲಲ್ಲಿ ಮಾಮ ತಡೆದರು. "ಹೊಟ್ಟೆ ನಲವತ್ನಾಲ್ಕಮ್ಮ. ಎಲ್ಲರೆದುರು ಎರಡಿಂಚು ಜಾಸ್ತಿ ಹೇಳಿಸಿಬಿಟ್ಟೆಯಲ್ಲ."

"ನಾಳೆ ಬನ್ನಿ ಮಾಮ, ಇನ್ನೊಂದ್ಸಲ ಅಳೀತೀನಿ."

ಸೋಮವಾರ ಬಂದರು. ಟೇಪು ಸುತ್ತಿ ನೋಡಿದೆ, ನಲವತ್ತಾರೇ. ಮಾಮ ನಗಲಿಲ್ಲ. "ನನಗೋಸ್ಕರ ಒಂಚೂರು ಪ್ರಾರ್ಥನೆ ಮಾಡಮ್ಮ," ಎಂದರು.

"ಮಾಡ್ತೀನಿ ಬಿಡಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು, ಅಲ್ಲೇ ನಿಂತು ಪ್ರಾರ್ಥನೆ ಮಾಡಿದೆ.