ಸುರಂಗದ ಹಾಜರಿ

"ಏನು ಬರ್ದಿದೆ ಇದ್ರಲ್ಲಿ, ಹೇಳೇ ಕತ್ತೆ ಮುಂಡೇದೆ!"

ಮೇಸ್ತ್ರಿ ಗುಬ್ಬಿಯ ಮೂಗಿಗೆ ತಾಗುವಷ್ಟು ಹತ್ತಿರ ಕಾಗದ ಹಿಡಿದಿದ್ದ. ತೊಟ್ಟಿಯ ಸುತ್ತ ನಿಂತ ಹೆಂಗಸರು ಮೊಣಕೈವರೆಗೆ ನೀರಲ್ಲಿಟ್ಟ ಕೈಯನ್ನು ಅಲ್ಲಾಡಿಸದೆ ನೋಡುತ್ತಿದ್ದರು.

"ಇರುವೆ ಹರಿದಾಡ್ದಂಗಿದೆ ಸಾರ್."

"ಇರುವೆಯಂತೆ! ಹಿಡ್ಕೊ."

ಕಾಗದ ಅವಳ ಕೈಗೆ ಬಂದದ್ದು ತಲೆಕೆಳಗಾಗಿ. ಪರೀಕ್ಷೆ ಇರುವುದೇ ಅಲ್ಲಿ. ಅಕ್ಷರ ಬಲ್ಲವಳ ಕೈ ಸುಮ್ಮನಿರುವುದಿಲ್ಲ. ಕವುಚಿ ಬಿದ್ದ ಕೂಸನ್ನು ತಾಯಿ ಸರಿಮಾಡುವ ಹಾಗೆ, ಹಾಳೆಯನ್ನು ತಾನಾಗಿಯೇ ನೇರ ಮಾಡಿಬಿಡುತ್ತದೆ. ಹೋದ ತಿಂಗಳು ಇದೇ ತೊಟ್ಟಿಯ ಕುಂಟಿಯ ಕೈ ಹಾಗೆ ತಿರುಗಿತ್ತು. ಆಮೇಲೆ ಕುಂಟಿಯನ್ನು ಕಂಡವರಿಲ್ಲ. ಕುಂಟಿ ಎಂಬವಳೊಬ್ಬಳು ಇದ್ದಳು ಎಂದು ಹೇಳುವವರೂ ಇಲ್ಲ.

ಹಾಳೆಯಲ್ಲಿ 'ಇವಳ ಅಣ್ಣ ಓಡಿಹೋದ ನಾಯಿ' ಎಂದಿತ್ತು. ಗುಬ್ಬಿ ತಲೆಕೆಳಗಾಗಿಯೇ ಓದಿದಳು, ಓದಿದ್ದನ್ನು ನುಂಗಿಕೊಂಡಳು. ಆಮೇಲೆ ಅದೇ ಹಾಳೆಯಲ್ಲಿ ಸೊರ್ರೆಂದು ಮೂಗು ಒರೆಸಿಕೊಂಡಳು.

"ಥೂ, ಗಲೀಜು ಮುಂಡೇದು!" ಮೇಸ್ತ್ರಿ ನಕ್ಕ. ಹೆಂಗಸರೂ ನಕ್ಕರು. ಅವಳ ಅತ್ತಿಗೆ ಮಾತ್ರ ನಗಲಿಲ್ಲ.

ಆ ಕಾರ್ಖಾನೆಗೆ ಓದು ಬಾರದವರಷ್ಟೇ ಬೇಕು. ಕಚೇರಿ ಕಚೇರಿಗಳಿಂದ ಹಳೆಯ ಕಾಗದ ಮೂಟೆಗಟ್ಟಲೆ ಬರುತ್ತದೆ. ಹರಿಯಬೇಕು, ನೆನೆಸಬೇಕು, ಅಂಬಲಿಯಾಗುವವರೆಗೆ ಹಿಸುಕಬೇಕು. ಅದೇ ಆಮೇಲೆ ಬೆಳ್ಳನೆಯ ಹೊಸ ಹಾಳೆಯಾಗಿ, ಮಕ್ಕಳ ಹೊಸ ಪಾಠಪುಸ್ತಕವಾಗುತ್ತದೆ. ಕಥೆಯ ರಾಕ್ಷಸ ತನ್ನ ಪ್ರಾಣವನ್ನು ಏಳು ಕಡಲಾಚೆಯ ಗಿಳಿಯೊಳಗೆ ಬಚ್ಚಿಟ್ಟಿದ್ದನಂತೆ. ಈ ಸರ್ಕಾರದ ಪ್ರಾಣಕ್ಕೆ ಕುತ್ತು ಹಳೆಯ ಕಾಗದದಲ್ಲಿತ್ತು, ಯಾರೂ ಓದುವ ಮೊದಲೇ ಅದನ್ನು ಹಿಸುಕಿ ಹಾಕುವುದಕ್ಕೆ ಇವರ ಕೈ ಬೇಕಿತ್ತು.

ಆರು ವರ್ಷದ ಹಿಂದೆ ಗುಡ್ಡದೊಳಗಿನ ಸುರಂಗ ಕುಸಿದ ದಿನ ಅಣ್ಣ ಕೂಲಿಗೆ ಹೋದವನು ಮನೆಗೆ ಬರಲಿಲ್ಲ. ಒಳಗೆ ಯಾರೂ ಇರಲಿಲ್ಲ, ಗಂಡಸರೆಲ್ಲ ಹಿಂದಿನ ದಿನವೇ ಓಡಿಹೋಗಿದ್ದರು ಎಂದರು ಕಚೇರಿಯವರು. ಆಮೇಲೆ ಸುರಂಗವೇ ಇರಲಿಲ್ಲ ಎಂದರು. ಅತ್ತಿಗೆ ಮೂರು ತಿಂಗಳು ಅತ್ತಳು. ನಾಲ್ಕನೆಯ ತಿಂಗಳಿಂದ ಗಂಡನ ಮಾತು ಬಂದರೆ ನೆಲಕ್ಕೆ ಉಗಿಯತೊಡಗಿದಳು. ಅವಳು ನಿಜವಾಗಿ ನಂಬಿದಳೋ, ಕೆಲಸಕ್ಕಾಗಿ ನಂಬಿದಂತೆ ಆಡಿದಳೋ, ಗುಬ್ಬಿಗೆ ತಿಳಿಯದು.

ತಿಳಿದದ್ದು ಒಂದೇ. ಗುಬ್ಬಿಗೆ ಓದು ಬರುತ್ತದೆ ಎಂದು ಬಲ್ಲವಳು ಭೂಮಿಯ ಮೇಲೆ ಅತ್ತಿಗೆ ಒಬ್ಬಳೇ. ಅಣ್ಣ ಅಡುಗೆಮನೆಯ ನೆಲದ ಮೇಲೆ ಇದ್ದಿಲಿನಿಂದ ತಂಗಿಗೆ ಅಕ್ಷರ ತಿದ್ದಿಸುತ್ತಿದ್ದಾಗ, ಗೊಣಗುತ್ತ ನೆಲ ಒರೆಸುತ್ತಿದ್ದವಳು ಅವಳು. ಈಗ ವಾರಕ್ಕೊಮ್ಮೆ ಮೇಸ್ತ್ರಿ ಅವಳನ್ನು ಮೇಲಿನ ಕೋಣೆಗೆ ಕರೆಸಿಕೊಳ್ಳುತ್ತಿದ್ದ.

ಇವತ್ತೂ ಕರೆಸಿದ. ಊಟದ ಹೊತ್ತಿಗೆ ಇಳಿದು ಬಂದಳು.

"ಏನಂದ ಅತ್ತಿಗೆ?"

"ಟೀ ಕುಡೀತೀಯಾ ಅಂದ."

"ಕುಡಿದ್ಯಾ?"

"ಇಲ್ಲ, ಅದ್ರಲ್ಲಿ ಕಾಲು ತೊಳ್ಕೊಂಡೆ. ಬಾಯ್ಮುಚ್ಕೊಂಡು ತಿನ್ನೇ."

ಗುಬ್ಬಿ ಡಬ್ಬಿ ಎತ್ತಿಕೊಂಡು ಬೇರೆ ಕಡೆ ಹೋಗಿ ಕುಳಿತಳು.

ಮಧ್ಯಾಹ್ನದ ಮೂಟೆಯನ್ನು ವಟವಟಜ್ಜಿ ಕೊಯ್ದಳು. "ಯಾರಪ್ಪನ ಗಂಟೋ, ಮಣ್ಣು ಬೇರೆ!" ಎನ್ನುತ್ತ ಕೆಮ್ಮಿದಳು. ಒಳಗಿಂದ ಉದ್ದನೆಯ ಪುಸ್ತಕಗಳು ಜಾರಿಬಿದ್ದವು. ಒಂದು ಗುಬ್ಬಿಯ ಕೈಗೆ ಬಂತು. ತೆರೆದಳು. ತಲೆಕೆಳಗಾದ ಸಾಲು: ಸುರಂಗ ಕಾಮಗಾರಿ, ಹಾಜರಿ. ಕೆಳಗೆ ತಾರೀಕು. ಕುಸಿದ ದಿನದ್ದೇ.

ಅವಳ ಕೈ ತಿರುಗಿಬಿಟ್ಟಿತು.

ಅವಳಿಗೆ ಅದು ಗೊತ್ತಾಗುವಷ್ಟರಲ್ಲಿ ತೊಟ್ಟಿಯ ನೀರು ಸದ್ದು ನಿಲ್ಲಿಸಿತ್ತು. ಪಕ್ಕದವರು ಎರಡು ಹೆಜ್ಜೆ ಸರಿದರು.

"ಅಯ್ಯೋ ನಿನ್ನ, ಏನ್ಮಾಡ್ಕೊಂಡ್ಯೇ!" ಎಂದಳು ಅಜ್ಜಿ.

ತೊಟ್ಟಿ ಸುತ್ತಿಕೊಂಡು ಅತ್ತಿಗೆ ದಾಪುಗಾಲಲ್ಲಿ ಬಂದಳು. ಗುಬ್ಬಿ ಪುಸ್ತಕವನ್ನು ಎದೆಗೆ ಅವುಚಿಕೊಂಡಳು.

"ಕೊಡಲ್ಲ. ಹೋಗಿ ಹೇಳ್ಕೊ ನಿನ್ನ ಮೇಸ್ತ್ರಿಗೆ."

"ಹೇಳೋ ಹಂಗಿದ್ರೆ ಇಷ್ಟು ದಿನ ಕಾಯ್ತಿದ್ನೇನೇ, ಲೌಡಿ? ವಾರವಾರ ಆ ಬೋಳಿಮಗನ ಎದುರು ನಿಂತು, 'ಅವಳ ತಲೇಲಿ ಸಗಣಿ ಇದೆ ಸಾರ್, ಅಕ್ಷರ ಎಲ್ಲಿಂದ ಬರ್ಬೇಕು' ಅಂತ ಹೇಳೀ ಹೇಳೀ ನಾಲಿಗೆ ಸವೆದೋಯ್ತು." ಪುಸ್ತಕಕ್ಕೆ ಮೆತ್ತಿದ ಮಣ್ಣು ನೋಡಿ ಅತ್ತಿಗೆಯ ದನಿ ತಗ್ಗಿತು. "ಸುರಂಗ ಬಿದ್ದ ದಿನದ್ದಾ?"

"ಹ್ಞೂಂ."

"ಇದಾನಾ?"

ಹನ್ನೊಂದನೇ ಸಾಲು. ಹೆಬ್ಬೆಟ್ಟಲ್ಲ, ಕೊನೆಯಲ್ಲಿ ಬಾಲ ಎಳೆದ ಅವನದೇ ರುಜು.

"ಇದಾನೆ ಅತ್ತಿಗೆ. ಬೆಳಗ್ಗೆ ಒಳಗೆ ಹೋಗಿದಾನೆ. ಹೊರಗೆ ಬಂದದ್ದು ಅನ್ನೋ ಕಡೆ ಖಾಲಿ. ಯಾರದೂ ಇಲ್ಲ."

ಅತ್ತಿಗೆ ತೊಟ್ಟಿಯ ಕಟ್ಟೆಗೆ ಆತುಕೊಂಡಳು. ಆರು ವರ್ಷ ಉಗಿದದ್ದೆಲ್ಲ ಒಟ್ಟಿಗೇ ಒಳಗೆ ಇಳಿದಂತಿತ್ತು.

"ನನ್ನ ಬಿಟ್ಟು ಹೋಗಿಲ್ಲ," ಎಂದಳು, ಯಾರಿಗೂ ಅಲ್ಲ. ಆಮೇಲೆ, "ಜೋರಾಗಿ ಓದೇ."

"ಮೇಸ್ತ್ರಿ ಮೇಲೇ ಇದಾನೆ."

"ಅವನ ಕಿವಿಗೂ ಬೀಳ್ಲಿ. ಎಲ್ಲಾ ಓದು."

ಗುಬ್ಬಿ ಮೊದಲ ಸಾಲಿಂದ ಶುರು ಮಾಡಿದಳು. ನಾಲ್ಕನೇ ಹೆಸರಿಗೆ ವಟವಟಜ್ಜಿಯ ಕೈ ನೀರಿನಿಂದ ಮೇಲೆ ಬಂತು.

"ಇನ್ನೊಂದ್ಸಲ ಹೇಳು ತಾಯಿ. ನಿಧಾನಕ್ಕೆ. ಅದು ನನ್ನ ಮಗ."

ಗುಬ್ಬಿ ಇನ್ನೊಮ್ಮೆ ಓದಿದಳು.

ಮೇಲಿನ ಬಾಗಿಲು ತೆರೆಯಿತು. ಮೆಟ್ಟಿಲ ಮೇಲೆ ಬೂಟಿನ ಸದ್ದು. "ಏನ್ರೇ ಅದು ಗಲಾಟೆ?"

ಸರಿದು ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಮೆಟ್ಟಿಲ ಬುಡಕ್ಕೆ ನಡೆದು, ಭುಜಕ್ಕೆ ಭುಜ ತಾಗಿಸಿ ದಾರಿ ತುಂಬಿದರು. ಬೆರಳ ತುದಿಗಳಿಂದ ಬಿಳಿ ಅಂಬಲಿ ತೊಟ್ಟಿಕ್ಕುತ್ತಿತ್ತು. ಗುಬ್ಬಿ ಹದಿನಾರನೇ ಹೆಸರಿಗೆ ಬಂದಿದ್ದಳು. ಆ ಒಂದೇ ದಿನದ್ದು ಇನ್ನೂ ಒಂಬತ್ತು ಹಾಳೆಗಳಿದ್ದವು.