ಒಗೆಯದ ಸ್ವೆಟರು

ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಹಾಲಿನವನು ಎಂದಿನಂತೆ ಬಾಗಿಲು ತಟ್ಟಿದ. "ಅಮ್ಮಾ, ಎಷ್ಟು ಹಾಕ್ಲಿ?"

ಗಂಡನನ್ನು ಮಣ್ಣು ಮಾಡಿ ಬಂದಿದ್ದರೂ ಅವನ ಪಾಲಿನ ಹಾಲು ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ. "ಯಾವಾಗ್ಲೂ ಹಾಕೋವಷ್ಟೇ," ಎಂದಳು.

ಒಳಗೆ ಮಗು ಅತ್ತಿತು. ಎತ್ತಿಕೊಂಡರೆ ಬೆನ್ನಿನ ತನಕ ನೀರುನೀರಾಗಿ ಭೇದಿ. ಸುತ್ತಿದ್ದ ಸ್ವೆಟರಿನ ತೋಳಿಗೂ ಆಗಿತ್ತು.

ಸ್ವೆಟರು ಗಂಡನದಲ್ಲ. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸಾಗಿದ್ದ ಅವನು ಚಳಿಗೆಂದು ಜೊತೆಗಾರನಿಂದ ಕೇಳಿ ತಂದಿದ್ದ. ನಾಳೆ ಕೊಡುತ್ತೇನೆ, ನಾಳೆ ಕೊಡುತ್ತೇನೆ ಎನ್ನುತ್ತಲೇ ಹೋಗಿಬಿಟ್ಟ. ಅವನ ಉಳಿದ ಬಟ್ಟೆಗಳನ್ನೆಲ್ಲ ನೆಂಟರು ಉಪಕಾರವೆಂದುಕೊಂಡು ಒಗೆದು ಮಡಿಸಿಟ್ಟಿದ್ದರು. ಅವನ ವಾಸನೆ ಉಳಿದಿದ್ದುದು ಇದರ ಕೊರಳಪಟ್ಟಿಯಲ್ಲಿ ಮಾತ್ರ. ಅವಳು ಇನ್ನೂ ಅತ್ತಿರಲಿಲ್ಲ. ಅದಕ್ಕೆ ಮೂಗಾನಿಸಿ ಮಲಗುತ್ತಿದ್ದಳು, ಅಷ್ಟೆ.

"ಕೊಡಿಲ್ಲಿ, ನೆನೆಹಾಕ್ತೀನಿ," ಎಂದರು ಅತ್ತೆ.

"ಬೇಡ ಅತ್ತೆ. ತೋಳಿಗೆ ಮಾತ್ರ ಆಗಿದೆ, ಒರೆಸ್ತೀನಿ."

"ನಿನ್ನ ಹಾಲೇ ಕೆಟ್ಟಿರ್ಬೇಕು. ಅತ್ತು ಹಗುರ ಮಾಡ್ಕೊ ಅಂದ್ರೆ ಕೇಳಲ್ಲ. ಇವತ್ತು ಮಗೂಗೆ ಏನೂ ಕೊಡ್ಬೇಡ, ತಾನೇ ನಿಲ್ಲುತ್ತೆ."

ಅವನಿದ್ದಿದ್ದರೆ ತಾಯಿಯನ್ನು ನಗಿಸಿಯೇ ಬಾಯಿ ಮುಚ್ಚಿಸುತ್ತಿದ್ದ. ಅಷ್ಟರಲ್ಲಿ ಮಗು ವಾಂತಿ ಮಾಡಿಕೊಂಡಿತು. ಒರೆಸಿದ ಸ್ವೆಟರಿನಲ್ಲೇ ಸುತ್ತಿಕೊಂಡು ಅವಳು ವಾರ್ಡಿಗೆ ಓಡಿದಳು, ಹಿಂದೆಯೇ ಅತ್ತೆ.

ಸಿಕ್ಕವನು ಆ ಜೊತೆಗಾರನೇ. ದಪ್ಪ ಕನ್ನಡಕದ ಅವನನ್ನು ವಾರ್ಡಿನವರೆಲ್ಲ ಸೋಡಾಬುಡ್ಡಿ ಎನ್ನುತ್ತಿದ್ದರು. ಮಗುವಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟು ನೋಡಿದ, ಕಣ್ಣು ನೋಡಿದ.

"ವೈರಸ್ ಭೇದಿ, ಅತ್ತಿಗೆ. ವಾರ್ಡ್ ತುಂಬ ಇದೇ. ಮೈಯಲ್ಲಿ ನೀರು ಕಮ್ಮಿ ಆಗ್ತಿದೆ, ಕುಡಿಸ್ತಾ ಇರಿ," ಎಂದು ಉಪ್ಪುಸಕ್ಕರೆಯ ಪುಡಿ ಕರಗಿಸಿದ ನೀರು, ಒಂದು ಚಮಚ ಕೊಟ್ಟ.

ಮೊದಲ ಚಮಚವನ್ನು ಮಗು ಕಕ್ಕಿತು.

"ಪರವಾಗಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ನಿಧಾನಕ್ಕೆ. ಎದೆಹಾಲು ಮಾತ್ರ ನಿಲ್ಲಿಸ್ಬೇಡಿ."

"ದುಃಖದಲ್ಲಿರೋಳ ಹಾಲು ಕಣಪ್ಪ," ಎಂದರು ಅತ್ತೆ.

"ದುಃಖಕ್ಕೆ ಹಾಲು ಕೆಡಲ್ಲ, ದೊಡ್ಡಮ್ಮ. ನಿಮ್ಮ ಮಗ ದಿನಾ ನನ್ನ ಚಹಾನೂ ಕುಡಿದುಬಿಡ್ತಿದ್ದ. ಕೆಡೋದಾಗಿದ್ರೆ ನನ್ನ ಆ ದುಃಖಕ್ಕೆ ಊರ ಹಾಲೆಲ್ಲ ಒಡೀಬೇಕಿತ್ತು!"

ಅತ್ತೆ ನಕ್ಕರು. ನಗುತ್ತ ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡರು.

ಚಮಚ, ಹಾಲು, ಮತ್ತೆ ಚಮಚ. ಮಧ್ಯಾಹ್ನ ಕಳೆಯುವಾಗ ಅವಳ ಮಡಿಲು ಬೆಚ್ಚಗೆ ಒದ್ದೆಯಾಯಿತು. ಬೆಳಗಿನಿಂದ ಮೊದಲ ಸಲ ಮಗು ಉಚ್ಚೆ ಹೊಯ್ದಿತ್ತು. ಯಾರೋ ಬಹುಮಾನ ಕೊಟ್ಟಂತೆ ಅವಳು ಸುತ್ತ ನೋಡಿದಳು. ಯಾರಿಗೆ ಹೇಳಬೇಕಿತ್ತೋ ಅವನೇ ಇರಲಿಲ್ಲ.

ಸಂಜೆ ಸೋಡಾಬುಡ್ಡಿ ಜಿಂಕ್ ಔಷಧಿ ಕೊಟ್ಟು ಕಳಿಸುತ್ತ, "ಮಂಕಾಗಿ ಮಲಗಿದ್ರೆ, ಉಚ್ಚೆ ನಿಂತ್ರೆ ತಕ್ಷಣ ಬನ್ನಿ," ಎಂದ. ಅವನ ಕಣ್ಣು ಸ್ವೆಟರಿನ ಮೇಲೆ ಬಿತ್ತು. "ಈ ರೋಗ ಹಠಮಾರಿ. ಮಗು ಬಟ್ಟೆ ಒರೆಸಿದ್ರೆ ಸಾಲದು, ಬಿಸಿನೀರಲ್ಲಿ ಸೋಪು ಹಾಕಿ ಒಗೀಬೇಕು. ಒಗೆದು... ಅದನ್ನ ನೀವೇ ಇಟ್ಕೊಳ್ಳಿ, ಅತ್ತಿಗೆ."

ಮನೆಯಲ್ಲಿ ಮಗು ಮಲಗಿದ ಮೇಲೆ ಅವಳು ಕೊರಳಪಟ್ಟಿಗೆ ಮೂಗಾನಿಸಿದಳು. ವಾಂತಿಯ ಹುಳಿ ವಾಸನೆಯ ಅಡಿಯಲ್ಲಿ ಅವನಿದ್ದ. ಸ್ವೆಟರನ್ನು ಬಕೆಟ್ಟಿಗೆ ಹಾಕಿ ಬಿಸಿನೀರು ಸುರಿದಳು. ಕೈಯೆಲ್ಲ ಸೋಪಾಗಿದ್ದರಿಂದ ಕಣ್ಣು ಒರೆಸಿಕೊಳ್ಳಲು ಆಗಲಿಲ್ಲ.

ಮಗು ಗೆಲುವಾದ ಮೇಲೆ ಒಂದು ದಿನ ಸ್ವೆಟರನ್ನು ವಾರ್ಡಿಗೆ ಒಯ್ದಳು.

"ಇಟ್ಕೊಳ್ಳಿ ಅಂದಿದ್ನಲ್ಲ?"

"ಒಗೆದಾಯ್ತಲ್ಲ, ಈಗ ಇದು ನಿಮ್ಮದೇ," ಎಂದಳು.

ಅವನು ತೊಟ್ಟುಕೊಂಡ. ತೋಳುಗಳು ಬೆರಳು ದಾಟಿ ಜೋತುಬಿದ್ದವು. "ಎಳೆದೂ ಎಳೆದೂ ಉದ್ದ ಮಾಡಿಟ್ಟಿದ್ದಾನೆ, ಕಳ್ಳ!"

ಒಳಗೆ ಯಾವುದೋ ಮಗು ಅತ್ತಿತು. ಅವನು ತೋಳು ಮಡಚುತ್ತ ಕೈ ತೊಳೆಯಲು ನಡೆದ.