ಹೊಗಳಬೇಕಾದ ಹಸು

"ಆ ಹೆಸರಿನ ಹುಡುಗಿ ನಮ್ಮಲ್ಲಿಲ್ಲ," ಎಂದ ಸೆಬಾಹಿರೆ, ಕೋಲೂರಿ ಎದ್ದು ನಿಂತು. "ಇದ್ದೋಳು ಸನ್ಯಾಸಿನಿಯಾಗಿ ಮಠ ಸೇರಿದ್ಳು. ಬೇರೆ ಮನೆ ನೋಡ್ಕೊಳ್ಳಿ."

ಶಾಮಿಯಾನದ ಎರಡೂ ಬದಿ ನಗು. ಹೆಣ್ಣು ಕೇಳಲು ಬಂದವರಿಗೆ ಮೊದಲು ಇಲ್ಲವೆನ್ನುವುದೇ ಪದ್ಧತಿ. ಮಾತಿಗೆ ಮಾತು ಕೊಟ್ಟು ಅವರು ಗೆಲ್ಲಬೇಕು. ಆದರೆ ಗಂಡಿನ ಕಡೆಯವರು ರಾಜಧಾನಿ ಕಿಗಾಲಿಯಿಂದ ಕರೆತಂದ ಮಾತುಗಾರ ಬಾಯಿಪಾಠ ಒಪ್ಪಿಸುತ್ತಿದ್ದ. ಅರ್ಧ ನಾಡನುಡಿ ಕಿನ್ಯಾರ್ವಾಂಡ, ಅರ್ಧ ಫ್ರೆಂಚು. ಎರವಲು ಜೋಡು ಮೆಟ್ಟಿದವನ ನಡಿಗೆ ಅವನ ಮಾತಿಗೆ.

"ತಮ್ಮಾ, ಯಾವತ್ತಾದ್ರೂ ಹಸು ಮೇಯಿಸಿದ್ದೀಯೋ, ಬರೀ ಹಾಲಿನ ಪ್ಯಾಕೆಟ್ ಹರಿದಿದ್ದೀಯೋ?" ಎಂದು ಸೆಬಾಹಿರೆ ಅವನನ್ನು ಕೆಣಕಿದ.

ಗಂಡಿನ ತಂದೆ ಮಾತ್ರ ನಗಲಿಲ್ಲ. ಬಾಗಿಲ ಪರದೆ ಅಲುಗಿತು. ಅದರ ಹಿಂದೆ ಮದುಮಗಳು ಉವಿನೆಜಾ ನಿಂತಿದ್ದಳು. ತಮ್ಮ ತೀರಿಕೊಂಡ ಮೇಲೆ ಅವನ ಮಗಳಾದ ಇವಳಿಗೆ ಹಿರಿಯನೆಂದರೆ ಸೆಬಾಹಿರೆಯೇ. ಬೆಳಿಗ್ಗೆ ಅವಳು ಹೇಳಿದ್ದಳು: "ದೊಡ್ಡಪ್ಪ, ಅಕ್ಕನ ಸಂಬಂಧ ಮುರಿದದ್ದು ನಿನ್ನ ನಾಲಿಗೆ. ನನ್ನದನ್ನಾದ್ರೂ ಉಳಿಸು."

ವಧುದಕ್ಷಿಣೆಯೆಂದು ಗಂಡಿನವರು ತಂದ ಹಸುವನ್ನು ನೋಡಿಬಂದು ಸಭೆಯಲ್ಲಿ ಹೊಗಳಬೇಕಾದವನೂ ಅವನೇ. ಬಾಳೆತೋಟದ ಹಿಂದೆ ಲಾರಿ ನಿಂತಿತ್ತು. ಹಸು ಶಾಮಿಯಾನದಿಂದ ಹಾರಿಬಂದ ಕಾಗದದ ಹೂವು ಮೆಲ್ಲುತ್ತಿತ್ತು. ಹಣೆಯಲ್ಲಿ ಬಿಳಿ ಮಚ್ಚೆ, ತುದಿ ಮುರಿದ ಎಡಗೊಂಬು. ಹೋದ ತಿಂಗಳು ಎದುರು ಗುಡ್ಡದ ಮದುವೆಯಲ್ಲಿ ಇದನ್ನೇ ಹೊಗಳುವುದನ್ನು ಅವನು ಕೇಳಿದ್ದ.

"ಬೇಗ ನೋಡಿ ಅಜ್ಜಾ," ಎಂದ ಲಾರಿಯವನು. "ಸಂಜೆ ಇದಕ್ಕೆ ಇನ್ನೊಂದು ಮನೆ ಇದೆ."

"ಥೂ! ಗಂಡಾದ್ರೂ ಅವರ ಸ್ವಂತದವನಾ, ಅವನೂ ಬಾಡಿಗೆಯವನಾ?"

ಅಂದ ಕೂಡಲೇ ಆ ಮಾತು ನಾಲಿಗೆಗೆ ರುಚಿಸಿತು. ಸಭೆಯಲ್ಲಿ ಇದೊಂದನ್ನು ಅಂದರೆ ಸಾಕು, ಊರು ವರ್ಷಗಟ್ಟಲೆ ನೆನೆಯುತ್ತದೆ. ಬಾಯಲ್ಲಿ ಅದನ್ನು ಹೊರಳಿಸುತ್ತಲೇ ಅವನು ಮರಳಿದ. ಕಿಗಾಲಿಯ ಮಾತುಗಾರ ಬೆವರು ಒರೆಸಿಕೊಳ್ಳುತ್ತಿದ್ದ. ಪರದೆ ಈಗ ಅಲುಗುತ್ತಿರಲಿಲ್ಲ.

"ನನಗೆ ಹಸು ಕೊಟ್ಟವನಾಣೆ," ಎಂದು ಊರ ರೂಢಿಯ ಆಣೆಯಿಟ್ಟು ಸೆಬಾಹಿರೆ ತೋಳು ಚಾಚಿದ. "ಇವಳ ಕೊಂಬಿನ ತುದಿಯನ್ನು ಆಕಾಶ ನೆನಪಿಗೆಂದು ಇಟ್ಟುಕೊಂಡಿದೆ. ಮನೆ ಮನೆ ತುಳಿದವಳು, ಎಲ್ಲೂ ಇರುಳು ತಂಗದವಳು..."

ಗಂಡಿನ ತಂದೆ ತಲೆ ತಗ್ಗಿಸಿದ. ಪರದೆಯ ಅಂಚನ್ನು ಬೆರಳುಗಳು ಬಿಗಿಹಿಡಿದವು.

"...ನಮ್ಮ ಅಂಗಳಕ್ಕಾಗಿಯೇ ಹುಡುಕಿ ಬಂದಳು!"

ಹೆಂಗಸರು ನಾಲಿಗೆ ಹೊರಳಿಸಿ ಹರ್ಷದಿಂದ ಕೂಗಿದರು. ಮರದ ಪಾತ್ರೆಯಲ್ಲಿ ಅವನಿಗೆ ಹಾಲು ತಂದುಕೊಟ್ಟರು, ಪ್ಯಾಕೆಟ್ಟಿನದು, ತಣ್ಣಗಿತ್ತು. ಬಾಳೆತೋಟದ ಹಿಂದೆ ಲಾರಿ ಗುರುಗುಟ್ಟಿತು. ಸೆಬಾಹಿರೆ ಪಾತ್ರೆಯಿಂದ ಮುಖ ಎತ್ತದೆ, ಸದ್ದು ಗುಡ್ಡ ಇಳಿಯುವತನಕ ಕುಡಿಯುತ್ತಲೇ ಇದ್ದ.